ಅರ್ಹತೆ ಎಂಬ ಅಳತೆ ಮತ್ತು ಅದರ ಶೂನ್ಯದೋಷ

ಭೌತವಿಜ್ಞಾನದ ಪ್ರಾಯೋಗಿಕ ತರಗತಿಯಲ್ಲಿ ಸ್ಕ್ರೂಗೇಜ್ ಹಿಡಿದು ತಂತಿಯ ವ್ಯಾಸವನ್ನು ಅಳೆದವರಿಗೆಲ್ಲ ಒಂದು ನಿಯಮ ನೆನಪಿರುತ್ತದೆ. ತಂತಿಯನ್ನು ಇಡುವ ಮೊದಲು ಉಪಕರಣದ ಎರಡು ತುದಿಗಳನ್ನು ಕೂಡಿಸಿ ನೋಡಬೇಕು. ನಡುವೆ ಏನೂ ಇಲ್ಲದಿರುವಾಗ ಅದು ಸೊನ್ನೆಯನ್ನೇ ತೋರಿಸಬೇಕು. ತೋರಿಸದಿದ್ದರೆ ವ್ಯತ್ಯಾಸ ಎಷ್ಟೆಂದು ಮೊದಲು ಬರೆದುಕೊಳ್ಳಬೇಕು. ಇದೇ ಶೂನ್ಯದೋಷ. ಇದನ್ನು ಬರೆಯದ ವಿದ್ಯಾರ್ಥಿ ತಂತಿಯನ್ನು ಹತ್ತು ಕಡೆ ಅಳೆದು ಸರಾಸರಿ ತೆಗೆದರೂ ಅವನ ಉತ್ತರ ತಪ್ಪೇ. ಕೈ ನಡುಗಿದ್ದರಿಂದಲೋ ಕಣ್ಣು ಓರೆಯಾದದ್ದರಿಂದಲೋ ಆಗುವ ತಪ್ಪುಗಳು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಇರುವುದರಿಂದ ಸರಾಸರಿಯಲ್ಲಿ ಕರಗುತ್ತವೆ. ಶೂನ್ಯದೋಷ ಪ್ರತಿ ಅಳತೆಯನ್ನೂ ಒಂದೇ ದಿಕ್ಕಿಗೆ ಎಳೆಯುವುದರಿಂದ ಕರಗುವುದಿಲ್ಲ.

ತಾಮ್ರದ ತಂತಿಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು ಮನುಷ್ಯರನ್ನು ಅಳೆಯುವಾಗ ಎಷ್ಟು ಎಚ್ಚರ ವಹಿಸುತ್ತೇವೆ? ಹೆಸರಾಂತ ವಿಶ್ವವಿದ್ಯಾನಿಲಯವೊಂದು ‘ನಮ್ಮಲ್ಲಿ ಪ್ರವೇಶ ಕೇವಲ ಅರ್ಹತೆಯ ಮೇಲೆ’ ಎಂದು ಹೇಳಿದಾಗ ಆ ಅರ್ಹತೆಯನ್ನು ಅಳೆದ ಉಪಕರಣ ಯಾವುದು, ಅದರ ಶೂನ್ಯದೋಷವನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂದು ಕೇಳುವ ಹಕ್ಕು ವಿಜ್ಞಾನದ ಶಿಕ್ಷಕರಾದ ನಿಮಗೂ ವಿದ್ಯಾರ್ಥಿಗಳಾದ ನಿಮಗೂ ಇದೆ. ಈ ಪ್ರಶ್ನೆಯನ್ನು ಇಟ್ಟುಕೊಂಡು ಅರುವತ್ತಕ್ಕೂ ಹೆಚ್ಚು ವರ್ಷ ಹಳೆಯದಾದ ಒಂದು ಪುಸ್ತಕವನ್ನೂ ಅದರೊಳಗಿನ ಒಂದು ಸಮೀಕರಣವನ್ನೂ ಇಲ್ಲಿ ಪರೀಕ್ಷಿಸೋಣ.

ಒಂದು ವ್ಯಂಗ್ಯ ಕೃತಿ

ಪುಸ್ತಕದ ಹೆಸರು ‘ದಿ ರೈಸ್ ಆಫ್ ದಿ ಮೆರಿಟಾಕ್ರಸಿ’. ಬರೆದವರು ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಮೈಕೇಲ್ ಯಂಗ್. ಪ್ರಕಟವಾದದ್ದು 1958ರಲ್ಲಿ. ‘ಮೆರಿಟಾಕ್ರಸಿ’, ಅಂದರೆ ‘ಅರ್ಹರ ಆಳ್ವಿಕೆ’ ಎಂಬ ಪದವನ್ನು ಜಗತ್ತಿನಲ್ಲೆಲ್ಲ ಬಳಕೆಗೆ ತಂದದ್ದು ಈ ಪುಸ್ತಕ. ಇಂದು ಆ ಪದವನ್ನು ಹೊಗಳಿಕೆಯಾಗಿ ಬಳಸುವ ಅನೇಕರಿಗೆ ಅದು ಬೈಗುಳವಾಗಿ ಹುಟ್ಟಿದ್ದೆಂಬುದು ತಿಳಿದಿಲ್ಲ.

ಯಂಗ್ ಬರೆದದ್ದು ಒಂದು ವ್ಯಂಗ್ಯ. ಕಾಲ್ಪನಿಕ ನಿರೂಪಕನೊಬ್ಬ ಇಪ್ಪತ್ತೊಂದನೆಯ ಶತಮಾನದ ಮೂವತ್ತರ ದಶಕದಲ್ಲಿ ಕುಳಿತು 1870ರಿಂದೀಚೆಗಿನ ಬ್ರಿಟನ್ನಿನ ಚರಿತ್ರೆಯನ್ನು ಹೆಮ್ಮೆಯಿಂದ ಹೇಳುತ್ತಾನೆ. ಹಿಂದೆ ಹುಟ್ಟಿನಿಂದ ಅಧಿಕಾರ ಬರುತ್ತಿತ್ತು. ಈಗ ಬುದ್ಧಿಶಕ್ತಿಯ ಪರೀಕ್ಷೆಯಿಂದ ಬರುತ್ತದೆ. ಬುದ್ಧಿವಂತ ಮಕ್ಕಳನ್ನು ಚಿಕ್ಕಂದಿನಲ್ಲೇ ಆರಿಸಿ ಬೇರೆ ಶಾಲೆಗೆ ಕಳುಹಿಸಲಾಗುತ್ತದೆ. ಬುದ್ಧಿಶಕ್ತಿಗೆ ಪರಿಶ್ರಮವನ್ನು ಕೂಡಿಸಿದರೆ ಬರುವುದೇ ಅರ್ಹತೆ. ಇದು ಆ ಸಮಾಜದ ಮೂಲ ಸಮೀಕರಣ.

ಯಂಗ್ ಇದನ್ನು ಗಾಳಿಯಿಂದ ಹಿಡಿದು ತಂದಿರಲಿಲ್ಲ. 1944ರ ಶಿಕ್ಷಣ ಕಾಯಿದೆಯ ನಂತರ ಇಂಗ್ಲೆಂಡಿನಲ್ಲಿ ಹನ್ನೊಂದು ವರ್ಷದ ಮಕ್ಕಳಿಗೆ ಪರೀಕ್ಷೆ ನಡೆಸಿ ಗೆದ್ದವರನ್ನು ಗ್ರಾಮರ್ ಶಾಲೆಗೂ ಉಳಿದವರನ್ನು ಸಾಮಾನ್ಯ ಶಾಲೆಗೂ ಕಳುಹಿಸುವ ಪದ್ಧತಿ ವ್ಯಾಪಕವಾಗಿತ್ತು. ಬುದ್ಧಿಶಕ್ತಿ ಬಹುಪಾಲು ಹುಟ್ಟಿನಿಂದಲೇ ಬರುತ್ತದೆ, ಅದನ್ನು ಬಾಲ್ಯದಲ್ಲೇ ಅಳೆಯಬಹುದು ಎಂಬ ನಂಬಿಕೆ ಇದರ ಹಿಂದಿತ್ತು. ಆ ನಂಬಿಕೆಗೆ ಬಲ ಕೊಟ್ಟವರಲ್ಲಿ ಪ್ರಮುಖರು ಮನೋವಿಜ್ಞಾನಿ ಸಿರಿಲ್ ಬರ್ಟ್. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಏಕರೂಪಿ ಅವಳಿಗಳ ಬುದ್ಧಿಸೂಚ್ಯಂಕಗಳನ್ನು ಹೋಲಿಸಿ ಅವರು ಕೊಟ್ಟ ಸಹಸಂಬಂಧ ಗುಣಾಂಕ 0.771. ಮುಂದಿನ ವರ್ಷಗಳಲ್ಲಿ ಅವಳಿ ಜೋಡಿಗಳ ಸಂಖ್ಯೆ 21ರಿಂದ 53ಕ್ಕೆ ಏರಿದರೂ ಆ ಗುಣಾಂಕ ಮೂರನೆಯ ದಶಮಾಂಶ ಸ್ಥಾನದವರೆಗೂ ಕದಲಲಿಲ್ಲ! ಬರ್ಟ್ ತೀರಿಕೊಂಡ ಬಳಿಕ, 1970ರ ದಶಕದಲ್ಲಿ ಲಿಯಾನ್ ಕಾಮಿನ್ ಇದನ್ನು ಎತ್ತಿ ತೋರಿಸಿದರು. ಬರ್ಟ್ ಅಂಕಿಗಳನ್ನು ಕಲ್ಪಿಸಿದರೇ ಅಥವಾ ಅವರದು ಅಜಾಗರೂಕತೆಯೇ ಎಂಬ ಚರ್ಚೆ ಬಹುಕಾಲ ನಡೆಯಿತು. ಆದರೆ ಆ ದತ್ತಾಂಶದ ಮೇಲೆ ಯಾವ ತೀರ್ಮಾನವನ್ನೂ ಕಟ್ಟುವಂತಿಲ್ಲ ಎಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯ ಉಳಿದಿಲ್ಲ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಇಂಥ ಅಳತೆಗಳನ್ನು ತಂದರೆ ನಾವು ಅವನ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ.

ಯಂಗ್‌ರ ಕಥೆಯ ಕೊನೆಗೆ ಬರೋಣ. ಅರ್ಹರ ಆಳ್ವಿಕೆ ನೆಲೆಯಾದ ಮೇಲೆ ಮೇಲಿನವರು ತಾವು ಪಡೆದದ್ದೆಲ್ಲ ತಮ್ಮ ಯೋಗ್ಯತೆಯಿಂದಲೇ ಎಂದು ಬೀಗುತ್ತಾರೆ. ಕೆಳಗಿನವರಿಗೆ ‘ನಮಗೆ ಅವಕಾಶ ಸಿಗಲಿಲ್ಲ’ ಎಂಬ ಸಮಾಧಾನವೂ ಇಲ್ಲ. ಸೋತದ್ದಲ್ಲದೆ ಆತ್ಮಗೌರವವನ್ನೂ ಕಳೆದುಕೊಳ್ಳುತ್ತಾರೆ. ಇತ್ತ ಮೇಲಿನ ಮನೆಗಳಲ್ಲಿ ದಡ್ಡ ಮಗು ಹುಟ್ಟಿದರೆ ಹಣ ಸೇರಿಸಿ ಕೊಟ್ಟು, ಕೆಳಗಿನ ಮನೆಯ ಜಾಣ ಮಗುವಿನೊಂದಿಗೆ ಅದಲುಬದಲು ಮಾಡಿಕೊಳ್ಳುವ ಕಳ್ಳ ವ್ಯಾಪಾರ ಶುರುವಾಗುತ್ತದೆ. ಅಧಿಕಾರವನ್ನು ಮತ್ತೆ ವಂಶಪಾರಂಪರ್ಯ ಮಾಡಿಬಿಡೋಣ ಎನ್ನುವ ಗುಂಪೂ ಹುಟ್ಟಿಕೊಳ್ಳುತ್ತದೆ. ಕಡೆಗೆ ದಂಗೆ. ನಿರೂಪಕ ಅದರಲ್ಲೇ ಸಾಯುತ್ತಾನೆ. 2001ರಲ್ಲಿ ಪ್ರಧಾನಿ ಟೋನಿ ಬ್ಲೇರ್ ಈ ಪದವನ್ನು ಆದರ್ಶವೆಂಬಂತೆ ಬಳಸುವುದನ್ನು ಕಂಡ ಯಂಗ್ ಪತ್ರಿಕೆಯಲ್ಲಿ ಲೇಖನ ಬರೆದು ಆಕ್ಷೇಪಿಸಿದರು. ಮರುವರ್ಷ ತೀರಿಕೊಂಡರು.

ಸಮೀಕರಣದ ಪರೀಕ್ಷೆ

ಪುಸ್ತಕದ ನೈತಿಕ ಎಚ್ಚರಿಕೆ ಇಂದಿಗೂ ಹರಿತವಾಗಿದೆ. ಆದರೆ ಅದರ ಸಮೀಕರಣವನ್ನು ಭೌತವಿಜ್ಞಾನದ ಶಿಕ್ಷಕನಾಗಿ ಓದಿದಾಗ ಮೂರು ತೊಡಕುಗಳು ಕಾಣುತ್ತವೆ. ಯಂಗ್ ಅದನ್ನು ಗೇಲಿಗಾಗಿ ಬರೆದರೆಂಬುದು ನಿಜ. ಆದರೆ ಅರ್ಹತೆಯ ಹೆಸರಿನಲ್ಲಿ ವಾದಿಸುವವರೆಲ್ಲರ ಮನಸ್ಸಿನಲ್ಲಿ ಇರುವುದು ಇದೇ ಸಮೀಕರಣ. ಆದ್ದರಿಂದ ಅದನ್ನು ಗಂಭೀರವಾಗಿಯೇ ನೋಡಬೇಕು.

ಮೊದಲನೆಯದು, ಆಯಾಮ. ಎರಡು ಮೀಟರಿಗೆ ಮೂರು ಸೆಕೆಂಡನ್ನು ಕೂಡಿಸಲು ಬರುವುದಿಲ್ಲ. ಬುದ್ಧಿಶಕ್ತಿಯನ್ನೂ ಪರಿಶ್ರಮವನ್ನೂ ಕೂಡಿಸಬೇಕಾದರೆ ಎರಡಕ್ಕೂ ಒಂದೇ ಏಕಮಾನ ಬೇಕು. ಅದು ಇಲ್ಲ. ನಾವು ಕಾಣುವುದು ಎರಡೂ ಬೆರೆತ ಪರೀಕ್ಷೆಯ ಅಂಕವನ್ನು ಮಾತ್ರ. ಬೆರೆತದ್ದನ್ನು ಬಿಡಿಸಿ ಇದಿಷ್ಟು ಬುದ್ಧಿ, ಇದಿಷ್ಟು ಶ್ರಮ ಎಂದು ಹೇಳಲು ಯಾವ ಪ್ರಯೋಗವೂ ಇಲ್ಲ.

ಎರಡನೆಯದು, ಸ್ವಾತಂತ್ರ್ಯ. ಸಮೀಕರಣದ ಎರಡು ಪದಗಳು ಒಂದರ ಮೇಲೊಂದು ಅವಲಂಬಿಸಿಲ್ಲ ಎಂದು ಯಂಗ್‌ರ ಕಾಲ್ಪನಿಕ ಸಮಾಜ ನಂಬುತ್ತದೆ. ಬುದ್ಧಿ ದೇವರು ಕೊಟ್ಟದ್ದಿರಬಹುದು, ಪರಿಶ್ರಮವಾದರೂ ನಮ್ಮ ಕೈಯಲ್ಲಿದೆಯಲ್ಲ ಎಂದು ನಾವೂ ಹೇಳುತ್ತೇವೆ. ಆದರೆ ಪರಿಶ್ರಮಕ್ಕೆ ಒಂದು ಮೇಜು ಬೇಕು, ಉರಿಯುವ ದೀಪ ಬೇಕು, ತಮ್ಮನನ್ನು ನೋಡಿಕೊಳ್ಳುವ ಇನ್ನೊಬ್ಬರು ಬೇಕು. ಓದಿದರೆ ಫಲ ಸಿಗುತ್ತದೆ ಎಂಬ ಭರವಸೆ ಬೇಕು. ಆ ಭರವಸೆ ಹುಟ್ಟಲು ಓದಿ ಫಲ ಪಡೆದವರೊಬ್ಬರು ಮನೆಯಲ್ಲಿ ಇರಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಆರಂಭಿಕ ಸ್ಥಿತಿ. ಚಲನೆಯ ಸಮೀಕರಣವನ್ನು ಬಿಡಿಸಲು ವೇಗೋತ್ಕರ್ಷ ಗೊತ್ತಿದ್ದರೆ ಸಾಲದು; ವಸ್ತು ಎಲ್ಲಿಂದ, ಯಾವ ವೇಗದಲ್ಲಿ ಹೊರಟಿತು ಎಂಬುದೂ ಗೊತ್ತಿರಬೇಕು. ಅದನ್ನು ಬಿಟ್ಟರೆ ಬೆಟ್ಟದ ಅರ್ಧದವರೆಗೆ ಕಾರಿನಲ್ಲಿ ಬಂದು ಉಳಿದರ್ಧ ಹತ್ತಿದವನನ್ನೂ ತಪ್ಪಲಿನಿಂದ ನಡೆದು ಅದೇ ಎತ್ತರಕ್ಕೆ ಬಂದವಳನ್ನೂ ಒಂದೇ ಎಂದು ಬರೆಯುತ್ತೇವೆ.

ಇಲ್ಲಿ ನನ್ನ ಉಪಮೆಯ ಮಿತಿಯನ್ನೂ ಹೇಳಬೇಕು. ಸ್ಕ್ರೂಗೇಜಿನ ಶೂನ್ಯದೋಷ ಉಪಕರಣದ ದೋಷ. ಪರೀಕ್ಷೆಯ ಅಂಕದಲ್ಲಿ ಕಾಣುವ ಅಂತರ ಬರಿಯ ಉಪಕರಣದ ದೋಷವಲ್ಲ. ಒಳ್ಳೆಯ ಶಾಲೆಯಲ್ಲಿ ಓದಿದ ಮಗುವಿಗೆ ನಿಜವಾಗಿಯೂ ಹೆಚ್ಚು ಗಣಿತ ಬರುತ್ತದೆ. ಹಾಗಾಗಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಡಬೇಕು. ‘ಈ ವಿದ್ಯಾರ್ಥಿ ಮೊದಲ ವರ್ಷದ ಕಲನಶಾಸ್ತ್ರವನ್ನು ನಿಭಾಯಿಸಬಲ್ಲನೇ?’ ಎಂಬುದು ಒಂದು. ಇದಕ್ಕೆ ಅಂಕ ಸಾಕಷ್ಟು ಒಳ್ಳೆಯ ಉತ್ತರ ಕೊಡುತ್ತದೆ. ‘ಈ ಸ್ಥಾನ ಇವನಿಗೇ ಸಲ್ಲತಕ್ಕದ್ದೇ, ಮುಂದಿನ ಸಂಬಳ, ಅಧಿಕಾರ, ಗೌರವಗಳೂ ನ್ಯಾಯವಾಗಿ ಇವನವೇ?’ ಎಂಬುದು ಇನ್ನೊಂದು. ಇದಕ್ಕೆ ಅಂಕ ಉತ್ತರವೇ ಅಲ್ಲ. ಮೊದಲನೆಯದು ತಲಪಿದ ಎತ್ತರದ ಪ್ರಶ್ನೆ. ಎರಡನೆಯದರಲ್ಲಿ ಹತ್ತಿದ ದೂರವೂ ಸೇರುತ್ತದೆ. ಒಂದೇ ಸಂಖ್ಯೆಯಿಂದ ಎರಡಕ್ಕೂ ಉತ್ತರ ಹೇಳಿಸುವುದೇ ಅರ್ಹತೆಯ ಹೆಸರಿನಲ್ಲಿ ನಡೆಯುವ ದೊಡ್ಡ ತಪ್ಪು.

ಹಾರ್ವರ್ಡಿನ ಬಾಗಿಲು

ಯಂಗ್‌ರ ಕಥೆ ಬ್ರಿಟನ್ನಿನದು. ಆದರೆ ಅದನ್ನು ಪರೀಕ್ಷಿಸಲು ಬೇಕಾದ ದತ್ತಾಂಶ ಹೇರಳವಾಗಿ ಸಿಗುವುದು ಅಮೆರಿಕದಲ್ಲಿ. ಅಲ್ಲಿನ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರವೇಶದ ಚರಿತ್ರೆ ನಮಗೆ ಒಂದು ಸಿದ್ಧ ಪ್ರಯೋಗವಿದ್ದಂತೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾರ್ವರ್ಡಿಗೆ ಪ್ರವೇಶ ಪರೀಕ್ಷೆಯಿತ್ತು. ತೇರ್ಗಡೆಯಾದವರಿಗೆ ಸಾಮಾನ್ಯವಾಗಿ ಜಾಗ ಸಿಗುತ್ತಿತ್ತು. ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು ಓದಿ ಪಾಸಾಗತೊಡಗಿದರು. 1922ರ ಹೊತ್ತಿಗೆ ವಿದ್ಯಾರ್ಥಿಗಳಲ್ಲಿ ಸುಮಾರು ಐದರಲ್ಲೊಬ್ಬರು ಯಹೂದಿಗಳಾದರು. ಅಧ್ಯಕ್ಷ ಲಾರೆನ್ಸ್ ಲೋವೆಲ್ ಇದಕ್ಕೆ ಮಿತಿ ಹಾಕಬೇಕೆಂದರು. ಬಹಿರಂಗ ಮಿತಿಯನ್ನು ಅಧ್ಯಾಪಕರ ಸಮಿತಿ ಒಪ್ಪಲಿಲ್ಲ. ಆಗ ಬಾಗಿಲನ್ನು ಮುಚ್ಚದೆ ಅಳತೆಗೋಲನ್ನೇ ಬದಲಾಯಿಸಲಾಯಿತು. 1926ರಿಂದ ಅಂಕದ ಜೊತೆಗೆ ಅಭ್ಯರ್ಥಿಯ ‘ಚಾರಿತ್ರ್ಯ’, ‘ವ್ಯಕ್ತಿತ್ವ’ಗಳನ್ನೂ ನೋಡುವ ಕ್ರಮ ಬಂತು. ಅರ್ಜಿಗೆ ಭಾವಚಿತ್ರ ಅಂಟಿಸಬೇಕಾಯಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ರಿಯಾಯಿತಿ ಕೊಡುವ ‘ಲೆಗಸಿ’ ಪದ್ಧತಿ ಹೆಸರಾಂತ ಕಾಲೇಜುಗಳಲ್ಲಿ ಬೇರೂರಿದ್ದೂ ಇದೇ ಕಾಲದಲ್ಲಿ. ಯಹೂದಿ ವಿದ್ಯಾರ್ಥಿಗಳ ಸಂಖ್ಯೆ ಕುಸಿಯಿತು.

ಇಂಥ ಮಿತಿ ಹಾರ್ವರ್ಡಿಗೆ ಸೀಮಿತವಾಗಿರಲಿಲ್ಲ. 1935ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದ ಹದಿನೇಳು ವರ್ಷದ ಹುಡುಗನೊಬ್ಬನಿಗೆ ಯಹೂದಿಗಳ ಪಾಲು ತುಂಬಿದ್ದರಿಂದ ಜಾಗ ಸಿಗಲಿಲ್ಲ. ಅವನು ಎಂಐಟಿಗೆ ಹೋದ. ಅವನ ಹೆಸರು ರಿಚರ್ಡ್ ಫೈನ್‌ಮನ್. 1965ರ ನೊಬೆಲ್ ಪ್ರಶಸ್ತಿ ವಿಜೇತರಲ್ಲಿ ಒಬ್ಬ. ಫೈನ್‌ಮನ್‌ಗೆ ಇನ್ನೊಂದು ಬಾಗಿಲು ತೆರೆದಿತ್ತು. ತೆರೆಯದೆ ಹೋದವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇರುವುದು ಸಾಧ್ಯವಿಲ್ಲ.

ಲೋವೆಲ್ ನಂತರ 1933ರಲ್ಲಿ ಅಧ್ಯಕ್ಷರಾದವರು ರಸಾಯನವಿಜ್ಞಾನಿ ಜೇಮ್ಸ್ ಕೊನಾಂಟ್. ಬಡ ಊರುಗಳ ಜಾಣ ಹುಡುಗರನ್ನು ಹುಡುಕಿ ತರಬೇಕೆಂಬ ಹಂಬಲ ಅವರದು. 1934ರಲ್ಲಿ ಅವರು ಆರಂಭಿಸಿದ ವಿದ್ಯಾರ್ಥಿವೇತನದ ಆಯ್ಕೆಗೆ ಬಳಸಿದ್ದು ‘ಸ್ಯಾಟ್’ ಪರೀಕ್ಷೆಯನ್ನು. ಆ ಪರೀಕ್ಷೆಯನ್ನು 1926ರಲ್ಲಿ ರೂಪಿಸಿದ್ದ ಕಾರ್ಲ್ ಬ್ರಿಗಮ್, ಬುದ್ಧಿಶಕ್ತಿ ಜನಾಂಗದಿಂದ ಜನಾಂಗಕ್ಕೆ ಬೇರೆ ಎಂದು 1923ರಲ್ಲಿ ಪುಸ್ತಕ ಬರೆದವರು. 1930ರಲ್ಲಿ ಆ ತೀರ್ಮಾನವನ್ನು ತಾವೇ ಹಿಂತೆಗೆದುಕೊಂಡರು. ವಿಚಿತ್ರ ನೋಡಿ: ಪೂರ್ವಗ್ರಹದ ನೆರಳಿನಲ್ಲಿ ಹುಟ್ಟಿದ ಉಪಕರಣವೊಂದನ್ನು ಕೊನಾಂಟ್ ಬಾಗಿಲು ತೆರೆಯಲು ಬಳಸಿದರು. ಕೆಲವು ಮಟ್ಟಿಗೆ ಬಾಗಿಲು ತೆರೆಯಿತು ಕೂಡ. ಆದರೆ ಲೋವೆಲ್ ಕಾಲದ ಹಳೆಯ ಚಿಲಕಗಳನ್ನು ಯಾರೂ ಕಿತ್ತುಹಾಕಲಿಲ್ಲ.

ಅಂಕಿಗಳು ಹೇಳುವುದು

ಆ ಚಿಲಕಗಳು ಎಷ್ಟು ಗಟ್ಟಿ ಎಂಬುದು ತಿಳಿದದ್ದು ನ್ಯಾಯಾಲಯದಲ್ಲಿ. ಜನಾಂಗವನ್ನು ಪರಿಗಣಿಸುವ ಪ್ರವೇಶ ನೀತಿಯನ್ನು ಪ್ರಶ್ನಿಸಿ 2014ರಲ್ಲಿ ಹಾರ್ವರ್ಡ್ ವಿರುದ್ಧ ಹೂಡಿದ ಮೊಕದ್ದಮೆ 2018ರಲ್ಲಿ ವಿಚಾರಣೆಗೆ ಬಂದಾಗ ವಿಶ್ವವಿದ್ಯಾನಿಲಯ ತನ್ನ ಕಡತಗಳನ್ನು ಬಿಚ್ಚಬೇಕಾಯಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳಲ್ಲಿ ಮೂವರಲ್ಲೊಬ್ಬರಿಗೆ ಪ್ರವೇಶ ಸಿಕ್ಕಿದ್ದರೆ ಉಳಿದವರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಸಿಕ್ಕಿತ್ತು. ವಾದಿಗಳ ಪರ ತಜ್ಞರಾಗಿದ್ದ ಅರ್ಥಶಾಸ್ತ್ರಜ್ಞ ಪೀಟರ್ ಆರ್ಸಿಡಿಯಾಕೊನೊ ಮತ್ತು ಅವರ ಸಹೋದ್ಯೋಗಿಗಳು ಆ ದತ್ತಾಂಶವನ್ನು ವಿಶ್ಲೇಷಿಸಿದರು. ಪ್ರವೇಶ ಪಡೆದ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇಕಡಾ 43 ಮಂದಿ ನಾಲ್ಕು ವಿಶೇಷ ಗುಂಪುಗಳಿಗೆ ಸೇರಿದವರು: ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ದಾನಿಗಳ ಮಕ್ಕಳೂ ಸೇರುವ ಡೀನರ ವಿಶೇಷ ಪಟ್ಟಿಯವರು, ಸಿಬ್ಬಂದಿಯ ಮಕ್ಕಳು. ಸಾಮಾನ್ಯ ಅಭ್ಯರ್ಥಿಗಳಂತೆ ನೋಡಿದ್ದರೆ ಇವರಲ್ಲಿ ಮುಕ್ಕಾಲು ಪಾಲು ಮಂದಿಗೆ ಜಾಗ ಸಿಗುತ್ತಿರಲಿಲ್ಲವೆಂಬುದು ಅವರ ಲೆಕ್ಕ. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜನಾಂಗವನ್ನು ಆಧರಿಸಿದ ಪರಿಗಣನೆಯನ್ನು ರದ್ದುಮಾಡಿತು. ಅಪ್ಪ ಓದಿದ ಕಾಲೇಜೆಂಬ ಪರಿಗಣನೆಗೆ ಆ ತೀರ್ಪಿನಿಂದ ಏನೂ ಆಗಲಿಲ್ಲ.

ಅದೇ ವರ್ಷ ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್ ಮತ್ತು ಜಾನ್ ಫ್ರೀಡ್‌ಮನ್ ಇನ್ನೂ ದೊಡ್ಡ ಅಧ್ಯಯನವೊಂದನ್ನು ಪ್ರಕಟಿಸಿದರು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್, ಎಂಐಟಿ ಮೊದಲಾದ ಹನ್ನೆರಡು ಸಂಸ್ಥೆಗಳ ಪ್ರವೇಶವನ್ನು ತಂದೆತಾಯಿಗಳ ಆದಾಯ ತೆರಿಗೆಯ ದಾಖಲೆಗಳೊಂದಿಗೆ ಹೊಂದಿಸಿ ನೋಡಿದ ಅಧ್ಯಯನ ಅದು. ಇಲ್ಲಿ ಎರಡು ಪದರಗಳು ಸ್ಪಷ್ಟವಾಗಿ ಕಾಣುತ್ತವೆ.

ಮೊದಲ ಪದರ ಅಂಕದ್ದು. 1600ಕ್ಕೆ 1300 ಅಥವಾ ಹೆಚ್ಚು ಅಂಕ ಪಡೆಯುವ ಸಾಧ್ಯತೆ ಬಡ ಕುಟುಂಬದ ಮಕ್ಕಳಿಗಿಂತ ಅತಿ ಶ್ರೀಮಂತ ಶೇಕಡಾ 1ರ ಮಕ್ಕಳಿಗೆ 13 ಪಟ್ಟು. ಇದು ಹುಟ್ಟಿದಾಗಿನಿಂದ ಹದಿನೇಳು ವರ್ಷ ಪೇರಿಸಿಕೊಂಡ ಅಂತರ. ಎರಡನೆಯ ಪದರ ಬಾಗಿಲಿನದು. ಅಂಕ ಸಮನಾಗಿದ್ದಾಗಲೂ ಆ ಶೇಕಡಾ 1ರ ಮಕ್ಕಳು ಈ ಸಂಸ್ಥೆಗಳಿಗೆ ಸೇರುವ ಸಾಧ್ಯತೆ ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಇದಕ್ಕೆ ಮುಖ್ಯ ಕಾರಣಗಳು ಮೂರು: ಲೆಗಸಿ ರಿಯಾಯಿತಿ, ಓದಿನಾಚೆಯ ಚಟುವಟಿಕೆಗಳಿಗೆ ಕೊಡುವ ತೂಕ ಮತ್ತು ಕ್ರೀಡಾ ಆಯ್ಕೆ. ಕ್ರೀಡೆಯೆಂದರೆ ಕಬಡ್ಡಿಯನ್ನು ನೆನೆಯಬೇಡಿ; ದೋಣಿ ಹುಟ್ಟುಹಾಕುವುದು, ಕತ್ತಿವರಸೆಗಳಂಥ ಖರ್ಚಿನ ಆಟಗಳೂ ಇದರಲ್ಲಿ ಸೇರುತ್ತವೆ. ಮುಂದಿನ ಜೀವನದ ಸಾಧನೆಯನ್ನು ನೋಡಿದರೆ ಈ ಮೂರು ಅಂಶಗಳಿಗೂ ಅದಕ್ಕೂ ಸಂಬಂಧವೇ ಕಾಣಲಿಲ್ಲ. ಶೈಕ್ಷಣಿಕ ಅಂಕಕ್ಕೆ ಸಂಬಂಧ ಕಂಡಿತು. ಅಂದರೆ ಮೊದಲ ಪ್ರಶ್ನೆಗೂ ಉತ್ತರವಾಗದ, ಎರಡನೆಯದಕ್ಕೂ ಉತ್ತರವಾಗದ ತೂಕಗಳನ್ನು ತಕ್ಕಡಿಗೆ ಸೇರಿಸಲಾಗುತ್ತಿತ್ತು.

ಇದು ಕೆಲವು ಸಾವಿರ ಸೀಟುಗಳ ಗಲಾಟೆಯೆಂದು ಬಿಟ್ಟುಬಿಡುವಂತಿಲ್ಲ. ಅಮೆರಿಕನ್ನರಲ್ಲಿ ಇನ್ನೂರಕ್ಕೆ ಒಬ್ಬರೂ ಈ ಹನ್ನೆರಡು ಸಂಸ್ಥೆಗಳಲ್ಲಿ ಓದುವುದಿಲ್ಲ. ಆದರೆ ಸೆನೆಟ್ ಸದಸ್ಯರಲ್ಲಿ ಕಾಲು ಭಾಗ, ಕಳೆದ ಅರ್ಧ ಶತಮಾನದಲ್ಲಿ ನೇಮಕವಾದ ಸುಪ್ರೀಂ ಕೋರ್ಟ್ ನ್ಯಾಯಾಧೀಶರಲ್ಲಿ ಮುಕ್ಕಾಲು ಭಾಗ ಇಲ್ಲಿ ಓದಿದವರು ಎಂದು ಅದೇ ಅಧ್ಯಯನ ಹೇಳುತ್ತದೆ.

ಯಂಗ್ ಎಲ್ಲಿ ಎಡವಿದರೆಂಬುದು ಈಗ ತಿಳಿಯುತ್ತದೆ. ಅವರ ಕಥೆಯಲ್ಲಿ ಉಪಕರಣಗಳು ದಿನೇ ದಿನೇ ನಿಖರವಾಗುತ್ತವೆ. ಆಳುವವರು ನಿಜಕ್ಕೂ ಅತ್ಯಂತ ಬುದ್ಧಿವಂತರು. ವಾಸ್ತವದಲ್ಲಿ ಆದದ್ದು ಬೇರೆ. ಜಾಣ ಮಗುವನ್ನು ಕೊಳ್ಳುವ ಅಗತ್ಯವೇ ಬೀಳಲಿಲ್ಲ. ಮನೆಯ ಮಗುವನ್ನೇ ಜಾಣನೆಂದು ತೋರಿಸುವ ತಕ್ಕಡಿಯನ್ನು ಇಟ್ಟುಕೊಂಡರೆ ಸಾಕಾಯಿತು.

ಉಪಕರಣವನ್ನು ಒಡೆದರೆ?

ಹಾಗಾದರೆ ಪರೀಕ್ಷೆಗಳನ್ನೇ ತೆಗೆದುಹಾಕೋಣ ಎಂದು ನೀವು ಹೇಳಬಹುದು. ಈ ಪ್ರಯೋಗವೂ ನಡೆದುಹೋಗಿದೆ. 2020ರ ಕೋವಿಡ್ ಕಾಲದಲ್ಲಿ ಅಮೆರಿಕದ ಬಹುತೇಕ ಕಾಲೇಜುಗಳು ಸ್ಯಾಟ್ ಅಂಕವನ್ನು ಐಚ್ಛಿಕಗೊಳಿಸಿದವು. ಎಂಐಟಿ 2022ರಲ್ಲೇ ಪರೀಕ್ಷೆಯನ್ನು ಮರಳಿ ತಂದಿತು. ಉನ್ನತ ಮಟ್ಟದ ಗಣಿತವನ್ನು ಕಲಿಸದ ಶಾಲೆಗಳಲ್ಲಿ ಓದಿದ ಮಕ್ಕಳು ತಮ್ಮ ಸಾಮರ್ಥ್ಯವನ್ನು ತೋರಿಸಲು ಉಳಿದ ದಾರಿ ಅದೊಂದೇ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. 2024ರಲ್ಲಿ ಡಾರ್ಟ್‌ಮತ್ ಕಾಲೇಜು ಅದೇ ದಾರಿ ಹಿಡಿಯಿತು. ಅನುಕೂಲವಿಲ್ಲದ ಮನೆಗಳ ಮಕ್ಕಳು, ತಮ್ಮ ಪರಿಸ್ಥಿತಿಯನ್ನು ಗಮನಿಸಿದರೆ ಬಹಳ ಒಳ್ಳೆಯದೆನ್ನಬೇಕಾದ ಅಂಕಗಳನ್ನು ಕಡಿಮೆಯೆಂದು ಭಾವಿಸಿ ಮುಚ್ಚಿಟ್ಟು ಅವಕಾಶ ಕಳೆದುಕೊಂಡಿದ್ದರೆಂದು ಅಲ್ಲಿನ ಅಧ್ಯಾಪಕರೇ ಕಂಡುಕೊಂಡಿದ್ದರು.

ಪಾಠ ಸ್ಪಷ್ಟ. ಶೂನ್ಯದೋಷವಿರುವ ಸ್ಕ್ರೂಗೇಜನ್ನು ಬಿಸುಟು ಕಣ್ಣಂದಾಜಿನಲ್ಲಿ ತಂತಿಯನ್ನು ಅಳೆದರೆ ದೋಷ ಕಡಿಮೆಯಾಗುವುದಿಲ್ಲ. ಕಣ್ಣಂದಾಜಿನಲ್ಲಿ ‘ವ್ಯಕ್ತಿತ್ವ’ ನೋಡಿದ ಲೋವೆಲ್ ಕಾಲಕ್ಕೇ ಮರಳುತ್ತೇವೆ. ಮಾಡಬೇಕಾದದ್ದು ತಿದ್ದುಪಡಿ.

ತಿದ್ದುಪಡಿಯ ಒಂದು ಮಾದರಿ ಟೆಕ್ಸಾಸ್ ರಾಜ್ಯದ್ದು. ಅಲ್ಲಿ 1997ರಲ್ಲಿ ಬಂದ ಕಾನೂನಿನಂತೆ ರಾಜ್ಯದ ಪ್ರತಿ ಪ್ರೌಢಶಾಲೆಯ ಮೊದಲ ಶೇಕಡಾ 10ರ ವಿದ್ಯಾರ್ಥಿಗಳಿಗೆ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಪ್ರವೇಶ ಖಚಿತವಾಯಿತು. ಆಸ್ಟಿನ್ನಿನ ಮುಖ್ಯ ವಿಶ್ವವಿದ್ಯಾನಿಲಯ ಜಾಗ ಸಾಲದೆ ಈ ಪ್ರಮಾಣವನ್ನು ಮುಂದೆ ತಗ್ಗಿಸಿತು. ಆದರೂ ತತ್ತ್ವ ಗಮನಾರ್ಹ: ಪ್ರತಿ ಶಾಲೆಯ ಸೊನ್ನೆಯನ್ನು ಆ ಶಾಲೆಯಲ್ಲೇ ಗುರುತಿಸುವುದು. ಇನ್ನೊಂದು ಚಿಲಕವೂ ಸಡಿಲವಾಗುತ್ತಿದೆ. ಜಾನ್ಸ್ ಹಾಪ್ಕಿನ್ಸ್ 2014ರಲ್ಲಿ ಲೆಗಸಿ ರಿಯಾಯಿತಿಯನ್ನು ಕೈಬಿಟ್ಟಿತು. ಖಾಸಗಿ ಕಾಲೇಜುಗಳಲ್ಲೂ ಅದನ್ನು ನಿಷೇಧಿಸುವ ಕಾನೂನಿಗೆ ಕ್ಯಾಲಿಫೋರ್ನಿಯ 2024ರಲ್ಲಿ ಅಂಕಿತ ಹಾಕಿತು.

ಉಪಕರಣದ ಇನ್ನೊಂದು ಮಿತಿಯನ್ನೂ ಒಪ್ಪಿಕೊಳ್ಳಬೇಕು. ಸ್ಕ್ರೂಗೇಜಿನ ಲೀಸ್ಟ್ ಕೌಂಟ್, ಅಂದರೆ ಅದು ಗುರುತಿಸಬಲ್ಲ ಅತಿ ಚಿಕ್ಕ ಅಳತೆ 0.01 ಮಿಲಿಮೀಟರ್ ಆದರೆ 0.001ರ ವ್ಯತ್ಯಾಸದ ಬಗ್ಗೆ ಅದು ಏನನ್ನೂ ಹೇಳಲಾರದು. ಸ್ಯಾಟ್ ಪರೀಕ್ಷೆಯ ಪ್ರತಿ ವಿಭಾಗದ ಅಂಕ ಸುಮಾರು 30ರಷ್ಟು ಅತ್ತಿತ್ತ ಆಗಬಹುದು. ಹಾರ್ವರ್ಡಿಗೆ 2024ರಲ್ಲಿ 54 ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು. ಪ್ರವೇಶ ಸಿಕ್ಕಿದ್ದು 2 ಸಾವಿರಕ್ಕೂ ಕಡಿಮೆ ಜನರಿಗೆ. ಇವರೇ ಅತ್ಯರ್ಹರು ಎಂದು ಕೂದಲು ಸೀಳಿ ಹೇಳುವ ಉಪಕರಣ ಭೂಮಿಯ ಮೇಲಿಲ್ಲ. ಹಾರ್ವರ್ಡಿನಲ್ಲೇ ಪಾಠ ಹೇಳುವ ತತ್ತ್ವಶಾಸ್ತ್ರಜ್ಞ ಮೈಕೇಲ್ ಸ್ಯಾಂಡೆಲ್ 2020ರ ತಮ್ಮ ಪುಸ್ತಕದಲ್ಲಿ, ಓದನ್ನು ನಿಭಾಯಿಸಬಲ್ಲವರನ್ನು ಮೊದಲು ಗುರುತಿಸಿ ಅವರ ನಡುವೆ ಚೀಟಿ ಎತ್ತಿ ಎಂದು ಸೂಚಿಸಿದ್ದಾರೆ. ಕೇಳಿದೊಡನೆ ನಗು ಬರಬಹುದು. ಆದರೆ ಅಳೆಯಲಾಗದ್ದನ್ನು ಅಳೆದೆನೆಂದು ಹೇಳುವುದಕ್ಕಿಂತ ಚೀಟಿ ಎತ್ತುವುದು ಪ್ರಾಮಾಣಿಕ. ಗೆದ್ದವನಿಗೆ ತನ್ನ ಗೆಲುವಿನಲ್ಲಿ ಅದೃಷ್ಟದ ಪಾಲೂ ಇದೆಯೆಂಬುದು ಆಗ ಮರೆಯುವುದಿಲ್ಲ.

ನಮ್ಮ ನೆಲದಲ್ಲಿ

ಇದು ದೂರದ ದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ‘ಅರ್ಹತೆ’ಯ ಚರ್ಚೆಯಲ್ಲಿ ಮೈಸೂರು ಸಂಸ್ಥಾನ ಹಾರ್ವರ್ಡಿಗಿಂತ ಹಿಂದೇನೂ ಇರಲಿಲ್ಲ. ಸರ್ಕಾರಿ ಹುದ್ದೆಗಳಲ್ಲಿ ಒಂದೇ ಸಮುದಾಯ ತುಂಬಿಕೊಂಡಿದ್ದುದನ್ನು ಸರಿಪಡಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ನೇತೃತ್ವದ ಸಮಿತಿಯನ್ನು ನೇಮಿಸಿದರು. ಇದರಿಂದ ದಕ್ಷತೆಗೆ ಧಕ್ಕೆಯಾದೀತೆಂಬುದು ದಿವಾನ ವಿಶ್ವೇಶ್ವರಯ್ಯನವರ ನಿಲುವಾಗಿತ್ತು. ಆ ಮಹಾನ್ ಇಂಜಿನಿಯರರ ಮೇಲಿನ ಗೌರವಕ್ಕೆ ಕುಂದಿಲ್ಲದೆ ಒಂದು ಮಾತು ಹೇಳಬಹುದು: ಅವರು ತಲಪಿದ ಎತ್ತರವನ್ನು ನೋಡಿದರು, ಮಿಲ್ಲರ್ ಸಮಿತಿ ಹೊರಟ ಜಾಗವನ್ನೂ ನೋಡಿತು.

ಇಂದಿನ ಕರ್ನಾಟಕದ ಸಿಇಟಿಯಲ್ಲಿ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲು ಇದೆ. ಜಾತಿ ಆಧಾರಿತ ಮೀಸಲಾತಿಯ ಜೊತೆಗೆ ಇವೂ ಶೂನ್ಯದೋಷದ ತಿದ್ದುಪಡಿಗಳೇ. ಮುಕ್ತ ಸ್ಪರ್ಧಾಪರೀಕ್ಷೆಯ ಅಂಕವಷ್ಟೇ ಅರ್ಹತೆಯಲ್ಲ, ಅದರ ಹಿಂದಿನ ಸಾಮಾಜಿಕ ಮತ್ತು ಆರ್ಥಿಕ ಅನುಕೂಲಗಳನ್ನು ಅದು ತೋರಿಸುವುದಿಲ್ಲ ಎಂಬರ್ಥದ ಮಾತನ್ನು ನಮ್ಮ ಸುಪ್ರೀಂ ಕೋರ್ಟ್ 2022ರ ಜನವರಿಯ ತೀರ್ಪಿನಲ್ಲಿ ಹೇಳಿದೆ. ತಿದ್ದುಪಡಿ ಎಷ್ಟಿರಬೇಕು, ಯಾರಿಗೆ ಸಲ್ಲಬೇಕು ಎಂಬ ಬಗ್ಗೆ ಚರ್ಚೆ ಇರಲಿ. ಆದರೆ ತಿದ್ದುಪಡಿಯನ್ನೇ ‘ಅರ್ಹತೆಗೆ ವಿರೋಧ’ ಎನ್ನುವುದು, ಶೂನ್ಯದೋಷವನ್ನು ಕಳೆದದ್ದಕ್ಕೆ ಅಳತೆ ಕೆಟ್ಟಿತು ಎಂದಂತೆ.

ಇಷ್ಟೆಲ್ಲ ಬರೆದವನ ಶೂನ್ಯದೋಷವನ್ನೂ ಹೇಳಬೇಕಲ್ಲ. ನನ್ನ ತಂದೆ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು. ನಮ್ಮ ಮನೆಯ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಎರಡು ಮಸೂರ, ಒಂದು ಕುದುರೆಲಾಳದ ಅಯಸ್ಕಾಂತ, ಮುಳ್ಳು ಮುರಿದ ಗ್ಯಾಲ್ವನೋಮೀಟರ್ ಇದ್ದವು. ನಾನು ಬಹುಮಾನ ಪಡೆದಾಗಲೆಲ್ಲ ಜನ ನನ್ನ ಬುದ್ಧಿಯನ್ನು ಹೊಗಳಿದರು. ಆ ಪೆಟ್ಟಿಗೆಯನ್ನು ಯಾರೂ ಹೊಗಳಲಿಲ್ಲ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಎಂ.ಎಸ್‌ಸಿ. ಪ್ರವೇಶದ ಸಂದರ್ಶನ ಸಮಿತಿಯಲ್ಲಿ ನಾನೂ ಒಬ್ಬ. ಸಂದರ್ಶನಕ್ಕೆ 20 ಅಂಕ. ರೋಹಿತಮಾಪಕದಲ್ಲಿ ಪಟ್ಟಕವನ್ನು ಕನಿಷ್ಠ ವಿಚಲನೆಯ ಸ್ಥಾನದಲ್ಲಿ ಏಕೆ ಇಡಬೇಕೆಂದು ಕೇಳಿದೆ. ಒಬ್ಬ ಹುಡುಗ ನಿರರ್ಗಳ ಇಂಗ್ಲಿಷಿನಲ್ಲಿ ಸೂತ್ರವನ್ನು ಒಪ್ಪಿಸಿದ. ಹಳ್ಳಿಯ ಕಾಲೇಜಿನಿಂದ ಬಂದ ಹುಡುಗಿಯೊಬ್ಬಳು ತಡವರಿಸಿ, ಕಡೆಗೆ ಕನ್ನಡದಲ್ಲಿ, ‘ತಿರುಗಿಸ್ತಾ ಹೋದ್ರೆ ಗೆರೆ ಒಂದು ಕಡೆ ನಿಂತು ವಾಪಸ್ ಬರ್ತದೆ ಸರ್, ಆ ನಿಂತ ಕಡೆ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಲೆಕ್ಕ ಕೆಡೋದಿಲ್ಲ’ ಎಂದಳು. ಅವನಿಗೆ 17 ಕೊಟ್ಟೆ, ಅವಳಿಗೆ 11. ಲಿಖಿತ ಅಂಕಗಳು ಹೆಚ್ಚುಕಡಿಮೆ ಒಂದೇ ಇದ್ದುದರಿಂದ ಅವಳಿಗೆ ಸೀಟು ಸಿಗಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಕುಳಿತಾಗ ಹೊಳೆಯಿತು: ಗೆರೆ ನಿಲ್ಲುತ್ತದೆ ಎಂದರೆ ಅಲ್ಲಿ ಅವಕಲನ ಸೊನ್ನೆ, ಆದ್ದರಿಂದಲೇ ಅಲ್ಲಿ ಸಣ್ಣ ತಪ್ಪು ಲೆಕ್ಕಕ್ಕೆ ಬರುವುದಿಲ್ಲ. ಏಕೆ ಎಂಬ ಪ್ರಶ್ನೆಗೆ ಉತ್ತರ ಹೇಳಿದ್ದು ಅವಳು. ನಾನು ಅಳೆದದ್ದು ಭೌತವಿಜ್ಞಾನವನ್ನಲ್ಲ, ಇಂಗ್ಲಿಷನ್ನು. ಅದೂ ನನಗೆ ಇಷ್ಟವಾದ ಧಾಟಿಯ ಇಂಗ್ಲಿಷನ್ನು. ಪಟ್ಟಿ ಆಗಲೇ ಸಹಿಯಾಗಿ ಹೋಗಿತ್ತು. ಬದಲಾಯಿಸಬೇಕೆಂದು ಕೇಳುವ ಧೈರ್ಯ ನಾನು ಮಾಡಲಿಲ್ಲ.

ಆದ್ದರಿಂದ ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ಪರೀಕ್ಷೆಯನ್ನು ಕಟ್ಟುನಿಟ್ಟಾಗಿ ನಡೆಸಿ. ಬಡ ಮಗುವಿಗೆ ನಂಬಬಹುದಾದ ಅಳತೆ ಅದೇ. ಆದರೆ ಅಂಕಪಟ್ಟಿಯನ್ನು ಓದುವಾಗ ಪ್ರತಿ ಹೆಸರಿನ ಪಕ್ಕದಲ್ಲಿ, ಬೇರೆ ಯಾರಿಗೂ ಕಾಣದಂತೆ, ಆ ಮಗು ಎಲ್ಲಿಂದ ಹೊರಟಿತೆಂಬುದನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ. ಶಿಫಾರಸು ಪತ್ರ ಬರೆಯುವಾಗ, ಸ್ಪರ್ಧೆಗೆ ಹೆಸರು ಕಳುಹಿಸುವಾಗ, ಮೊದಲ ಬೆಂಚಿಗೆ ಕರೆಯುವಾಗ ಆ ಗುರುತನ್ನೂ ನೋಡಿ. ವಿದ್ಯಾರ್ಥಿಗಳೇ, ನಿಮಗೆ ರ‍್ಯಾಂಕ್ ಬಂದರೆ ಸಂತೋಷಪಡಿ. ನಿಮ್ಮ ಮನೆಯ ಅಟ್ಟದ ಮೇಲೆ ಯಾವ ಪೆಟ್ಟಿಗೆಯಿತ್ತೆಂದು ಒಮ್ಮೆ ಹತ್ತಿ ನೋಡಿ. ಬಾರದಿದ್ದರೆ, ಆ ಸಂಖ್ಯೆ ನಿಮ್ಮ ಬೆಲೆಯಲ್ಲ, ಒಂದು ಉಪಕರಣ ಒಂದು ದಿನ ತೋರಿಸಿದ ಅಳತೆ ಎಂಬುದನ್ನು ಮರೆಯಬೇಡಿ.

ಶೂನ್ಯದೋಷವನ್ನು ಬರೆಯದೆ ತಂತಿಯ ವ್ಯಾಸ ಬರೆದ ವಿದ್ಯಾರ್ಥಿಯ ಅಂಕವನ್ನು ನಾವು ಕಳೆಯುತ್ತೇವೆ. ಅದೇ ನಿಯಮ ನಮಗೂ ಅನ್ವಯವಾಗಲಿ.